ಕಳೆದುಹೋದ ಫೀಡ್‌ಬ್ಯಾಕ್ ಫಾರ್ಮುಗಳ ಬದಲಿಗೆ ನಾನು ಮಾಡಿದ್ದು

ಕಾಲೇಜು ಕಚೇರಿಗೆ ಪೇಂಟ್ ಹೊಡೆಯಲು ಕಪಾಟುಗಳನ್ನು ಖಾಲಿ ಮಾಡಿದಾಗ, ಪಾಠದ ಬಗ್ಗೆ ಮಕ್ಕಳು ತುಂಬಿಸಿ ಕೊಟ್ಟ ಎರಡು ವರ್ಷದ ಫೀಡ್‌ಬ್ಯಾಕ್ ಫಾರ್ಮುಗಳು ಕಾಣೆಯಾದವು. ಗುಜರಿಗೆ ಹೋದವೋ, ವರಾಂಡದಲ್ಲಿ ಮಳೆಗೆ ನೆನೆದು ಯಾರಾದರೂ ಎಸೆದರೋ ಗೊತ್ತಿಲ್ಲ. ನಾನು ಪಾಠ ಮಾಡುವ ಬಿಎ ಕನ್ನಡದ್ದೂ ಬಿಕಾಂ ಸೆಕೆಂಡ್ ಲ್ಯಾಂಗ್ವೇಜಿನದ್ದೂ ಸೇರಿ 200ರ ಹತ್ತಿರ ಇದ್ದವು. ವಿಷಯ ಹೊರಗೆ ಬಂದದ್ದು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ತೋರಿಸುವ ಫೈಲು ಕಟ್ಟುವ ಹೊತ್ತಿಗೆ.

"ಎಂತ ಮಾರಾಯ್ರೆ, ಈಗಿನ ಮಕ್ಕಳ ಹತ್ತಿರ ಹಳೇ ತಾರೀಕು ಹಾಕಿಸಿ ಬರೆಸಿ. ಒಂದು ಮಧ್ಯಾಹ್ನದ ಕೆಲಸ" ಅಂದರು ಒಬ್ಬರು. ನಾನು ಒಪ್ಪಲಿಲ್ಲ. ಈಗಿನ ಮಕ್ಕಳು ಆ ಕ್ಲಾಸಿನಲ್ಲಿ ಕೂತವರೇ ಅಲ್ಲ. ನನಗೆ ಬೇಕಿದ್ದದ್ದು ಕೂತವರ ಮಾತು. ಕಾಲೇಜು ಬಿಟ್ಟವರು ಉತ್ತರ ಕೊಡುವುದೇ ಇಲ್ಲ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಹೇಳಿದರು. ಕೊಟ್ಟರು. ಅರ್ಧಕ್ಕಿಂತ ಜಾಸ್ತಿ ಜನ ಕೊಟ್ಟರು.

ಮೊದಲ ಪ್ರಯತ್ನ ದಂಡವಾಯಿತು. ಹಳೇ ಇಂಗ್ಲಿಷ್ ಫಾರ್ಮನ್ನೇ ಗೂಗಲ್ ಫಾರ್ಮ್ ಮಾಡಿ ಬ್ಯಾಚಿನ ವಾಟ್ಸಾಪ್ ಗ್ರೂಪಿಗೆ ಹಾಕಿದೆ. 30 ಚಿಲ್ಲರೆ ಬಂತು. ಎಲ್ಲದರಲ್ಲೂ 5ಕ್ಕೆ 5. ಕೊನೆಯ ಖಾಲಿ ಜಾಗದಲ್ಲಿ ‘ಗುಡ್’, ‘ನೈಸ್ ಕ್ಲಾಸ್’. ಇದರಿಂದ ಏನು ತಿಳಿಯುತ್ತದೆ?

ಆಮೇಲೆ ರೈಲು. ನಮ್ಮ ಹಳೇ ಮಕ್ಕಳು ಸುಮಾರು ಜನ ಬೆಳಗ್ಗಿನ ರೈಲಿನಲ್ಲಿ ಮಂಗಳೂರಿಗೆ ಕೆಲಸಕ್ಕೆ ಹೋಗುತ್ತಾರೆ. ಕಾಸರಗೋಡಿನಲ್ಲಿ ಹತ್ತಿ, ಕುಂಬಳೆ ಉಪ್ಪಳದಲ್ಲಿ ಹತ್ತಿದವರಿಗೂ ಫಾರ್ಮು ಹಂಚಿದೆ. ಉಳ್ಳಾಲ ಬರುವುದರೊಳಗೆ ತುಂಬಿಸಿ ಕೊಟ್ಟರು. ಆದರೆ ಮೇಷ್ಟ್ರು ಎದುರಿಗೇ ನಿಂತಿದ್ದರೆ ಯಾರು ದೂರು ಬರೆಯುತ್ತಾರೆ? ಬರೀ ಹೊಗಳಿಕೆ. ಅವನ್ನು ಫೈಲಿಗೆ ಸೇರಿಸಲಿಲ್ಲ.

ಕೆಲಸ ಆದದ್ದು ಮೂರು ಬದಲಾವಣೆಯಿಂದ. ಪ್ರಶ್ನೆಗಳನ್ನು ಕನ್ನಡಕ್ಕೆ ತಂದೆ. ಇಪ್ಪತ್ತರ ಜಾಗದಲ್ಲಿ ಮೂರೇ ಪ್ರಶ್ನೆ ಇಟ್ಟೆ. ಸಂಗ್ರಹಿಸುವ ಕೆಲಸವನ್ನು ನಾನು ಬಿಟ್ಟು, ಅದೇ ಬ್ಯಾಚಿನ ಇಬ್ಬರಿಗೆ ಕೊಟ್ಟೆ. ಅವರು ಹೆಸರು ತೆಗೆದು ಉತ್ತರ ಮಾತ್ರ ನನಗೆ ಕಳಿಸಬೇಕು. ಆ ಇಬ್ಬರನ್ನು ಹೇಗೆ ಆರಿಸಿದೆ ಎನ್ನುವುದರಲ್ಲೇ ಅರ್ಧ ಕೆಲಸ ಇದೆ, ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಮೊದಲ ಪ್ರಶ್ನೆ: ಯಾವ ಪಾಠ ಈಗಲೂ ನೆನಪಿದೆ? ಎರಡನೆಯದು: ಯಾವ ಕ್ಲಾಸಿಗೆ ಬರಲು ಬೇಜಾರಾಗುತ್ತಿತ್ತು, ಯಾಕೆ? ಮೂರನೆಯದನ್ನು ಇಲ್ಲಿ ಬರೆಯುವುದಿಲ್ಲ. ಗೊತ್ತಾದರೆ ಮುಂದಿನವರು ಉತ್ತರ ತಯಾರು ಮಾಡಿಕೊಂಡೇ ಬರುತ್ತಾರೆ.

ಬರೆಯಲು ಬೇಜಾರಿದ್ದವರು ವಾಯ್ಸ್ ಕಳಿಸಬಹುದು, ತುಳುವಿನಲ್ಲಾದರೂ ಸರಿ, ಮಲಯಾಳದಲ್ಲಾದರೂ ಸರಿ ಎಂದಿದ್ದೆ. ಗಲ್ಫಿನಲ್ಲಿರುವವರೆಲ್ಲ ಹೀಗೇ ಉತ್ತರಿಸಿದರು. ಒಬ್ಬನ ತುಳು ಮಾತು ಎರಡು ನಿಮಿಷ ಇತ್ತು: ಪಂಪನ ಪದ್ಯವನ್ನು ಬೋರ್ಡಿನಲ್ಲಿ ಬಿಡಿಸಿ ಬರೆದು, ಹಿಂದಿನ ಬೆಂಚಿನವರು ಇಳಿಸಿಕೊಳ್ಳುವ ಮೊದಲೇ ಸರ್ ಒರೆಸುತ್ತಿದ್ದರು, ಹಾಗಾಗಿ ತನ್ನ ಹತ್ತಿರ ಎಲ್ಲ ಪದ್ಯವೂ ಅರ್ಧರ್ಧ. 20 ಪ್ರಶ್ನೆಯ ಫಾರ್ಮಿನಲ್ಲಿ ಇಂಥ ಒಂದು ಮಾತು ಎಂದೂ ಬಂದಿರಲಿಲ್ಲ. ತುಳುವನ್ನು ಫೋನಿನ ಕನ್ನಡ ವಾಯ್ಸ್ ಟೈಪಿಂಗಿಗೆ ಕೇಳಿಸಿಯೂ ನೋಡಿದೆ. ತಲೆಬುಡವಿಲ್ಲದ ಸಾಲುಗಳು ಬಂದವು. ಡಿಟಿಪಿ ಅಂಗಡಿಯವರು ಪುಟಕ್ಕೆ 30 ರೂಪಾಯಿ ಕೇಳಿದರು. ಒಂದಷ್ಟು ಪುಟ ಮಾಡಿಸಿ ನಿಲ್ಲಿಸಿದೆ. ಉಳಿದದ್ದನ್ನು ರಾತ್ರಿ ಊಟವಾದ ಮೇಲೆ ನಾನೇ ಕೇಳಿ ಕೇಳಿ ಬರೆದೆ.

ಮದುವೆಯಾಗಿ ನಂಬರ್ ಬದಲಾದ ಹುಡುಗಿಯರು ಗ್ರೂಪಿನಲ್ಲಿ ಇರಲಿಲ್ಲ. ಗೆಳತಿಯರಿಂದ ವಿಳಾಸ ಬಂತು. ಅವರಿಗೆ ಲಕೋಟೆಯಲ್ಲಿ ಪ್ರಶ್ನೆ ಕಳಿಸಿದೆ, ಉತ್ತರಕ್ಕೆ ಒಂದು ಅಂಚೆ ಕಾರ್ಡು ಜೊತೆಗಿಟ್ಟು.  ಪ್ರಶ್ನೆಗಳನ್ನು ಕೈಯಲ್ಲೇ ಬರೆದೆ. ಕಾರ್ಡುಗಳಲ್ಲಿ ಬಂದ ಉತ್ತರಗಳೇ ಎಲ್ಲಕ್ಕಿಂತ ಚೆನ್ನಾಗಿದ್ದವು. ಅಂಚೆ, ಝೆರಾಕ್ಸ್, ಡಿಟಿಪಿ, ಆ ಇಬ್ಬರಿಗೆ ಮಾಡಿಸಿದ ರೀಚಾರ್ಜ್ ಎಲ್ಲ ಸೇರಿ 1,500 ರೂಪಾಯಿ ಆಗಿರಬಹುದು. ಕೈಯಿಂದಲೇ ಹೋಯಿತು.

ನೆನಪಿನಿಂದ ಹೇಳಿದ್ದನ್ನು ನಂಬುವುದು ಹೇಗೆ? ಅದೃಷ್ಟಕ್ಕೆ ಒಂದು ಬ್ಯಾಚಿನ 20-25 ಫಾರ್ಮು ಡಿಪಾರ್ಟ್‌ಮೆಂಟ್ ಮೀಟಿಂಗಿನ ಕಡತದಲ್ಲಿ ಉಳಿದಿತ್ತು. ಅದೇ ಬ್ಯಾಚಿನ ಹೊಸ ಉತ್ತರಗಳನ್ನು ಪಕ್ಕದಲ್ಲಿಟ್ಟು ನೋಡಿದೆ. ಹಳಗನ್ನಡದ ವೇಗ, ಅಕೌಂಟೆನ್ಸಿ ಪರೀಕ್ಷೆಯ ಹಿಂದಿನ ದಿನ ಕನ್ನಡ ಟೆಸ್ಟ್ ಇಡುವುದು, ಈ ಎರಡು ದೂರು ಎರಡರಲ್ಲೂ ಇದ್ದವು. ಸಣ್ಣ ಪುಟ್ಟ ಸಿಟ್ಟು ಮಾತ್ರ ಮರೆತುಹೋಗಿತ್ತು. ಈ ಹೋಲಿಕೆಯ ಒಂದು ಪುಟವನ್ನೂ ಫೈಲಿಗೆ ಹಾಕಿದೆ.

ಇವನ್ನು ಆ ವರ್ಷದ ವಿದ್ಯಾರ್ಥಿ ಫೀಡ್‌ಬ್ಯಾಕ್ ಎಂದು ತೋರಿಸಲಿಲ್ಲ. ನ್ಯಾಕ್ ಕೇಳುವ ಫೀಡ್‌ಬ್ಯಾಕಿನಲ್ಲಿ ವಿದ್ಯಾರ್ಥಿ, ಅಧ್ಯಾಪಕ, ಉದ್ಯೋಗದಾತರ ಜೊತೆ ಹಳೇ ವಿದ್ಯಾರ್ಥಿಗಳಿಗೂ ಜಾಗ ಇದೆ. ಅಲ್ಲಿ ಇಟ್ಟೆ. ತಾರೀಕು ಬರೆಸಿಕೊಂಡ ದಿನದ್ದೇ. ಮೂಲ ಫಾರ್ಮುಗಳು ಕಳೆದಿವೆ ಎಂದು ಪ್ರಿನ್ಸಿಪಾಲರ ಸಹಿಯ ಒಂದು ಟಿಪ್ಪಣಿಯನ್ನು ಎಲ್ಲದರ ಮೇಲಿಟ್ಟೆ. ಕಾಲೇಜಿನ ಒಳಗೆ ಗುಣಮಟ್ಟ ನೋಡಿಕೊಳ್ಳುವ ಸಮಿತಿಯಾದ ಐಕ್ಯೂಎಸಿಯವರಿಗೆ ಕೊನೆಯವರೆಗೂ ಅನುಮಾನ ಇತ್ತು. ನ್ಯಾಕ್‌ನಿಂದ ಬಂದ ತಂಡದವರು ಟಿಪ್ಪಣಿ ಓದಿದರು, ಅಂಚೆ ಕಾರ್ಡುಗಳನ್ನು ತಿರುಗಿಸಿ ತಿರುಗಿಸಿ ನೋಡಿದರು, ಇದರಿಂದ ಏನು ಬದಲಾಯಿತು ಎಂದು ಕೇಳಿದರು. ಬೋರ್ಡನ್ನು ಎರಡು ಭಾಗ ಮಾಡಿ, ಎರಡನೆಯದು ತುಂಬುವವರೆಗೆ ಮೊದಲನೆಯದನ್ನು ಒರೆಸುವುದಿಲ್ಲ ಎಂದೆ. ಬರೆದುಕೊಂಡರು. ತಕರಾರು ಬರಲಿಲ್ಲ. ಆಮೇಲೆ ಬೇರೆ ಎರಡು ಡಿಪಾರ್ಟ್‌ಮೆಂಟಿನವರು ನನ್ನ ಪ್ರಶ್ನೆ ಕೇಳಿಕೊಂಡು ಬಂದರು.

ಈಗ ಫಾರ್ಮು ಕೈಗೆ ಬಂದ ದಿನವೇ ಕ್ಲಾಸ್ ಲೀಡರ್ ಎಣಿಸಿ ಸಹಿ ಹಾಕುತ್ತಾರೆ, ನಾನು ಫೋಟೋ ತೆಗೆಯುತ್ತೇನೆ, ಮುಖ್ಯ ದೂರುಗಳು ಮಿನಿಟ್ಸ್ ಪುಸ್ತಕಕ್ಕೆ ಹೋಗುತ್ತವೆ. ಸೆಮೆಸ್ಟರಿನ ಮಧ್ಯದಲ್ಲೇ ಆ ಮೂರು ಪ್ರಶ್ನೆ ಕೇಳಿದರೆ ಹೇಗೆ ಎಂದು ಈ ಸಲ ಬಿಕಾಂ ಕ್ಲಾಸಿನಲ್ಲಿ ನೋಡುತ್ತಿದ್ದೇನೆ. ಒಂದು ಕಟ್ಟು ಬಂದಿದೆ, ಇನ್ನೂ ಓದಿ ಮುಗಿದಿಲ್ಲ.