ಮಾಂಟೆರೆ ಕಡಲಂಚಿನಲ್ಲಿ ಮನೆಮಂದಿಯೆಲ್ಲಾ ಸೈಕಲ್ ಹೊಡೆದದ್ದು

ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯ ಪಕ್ಕದ ಸೈಕಲ್ ದಾರಿ ಕ್ಯಾಸ್ಟ್ರೋವಿಲ್‌ನಿಂದ ಪೆಸಿಫಿಕ್ ಗ್ರೋವ್‌ವರೆಗೆ 18 ಮೈಲಿ ಇದೆ. ಅಂದರೆ ಸುಮಾರು 29 ಕಿಲೋಮೀಟರ್. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋಗುವವರು ಅಷ್ಟೂ ದೂರದ ಆಸೆ ಬಿಟ್ಟುಬಿಡಿ. ನಾವು ಆರಿಸಿಕೊಂಡಿದ್ದು ಮಾಂಟೆರೆಯ ದೋಣಿಕಟ್ಟೆಯಾದ ಫಿಷರ್‌ಮನ್ಸ್ ವಾರ್ಫ್‌ನಿಂದ ಪೆಸಿಫಿಕ್ ಗ್ರೋವ್‌ನ ಲವರ್ಸ್ ಪಾಯಿಂಟ್‌ವರೆಗಿನ ತುಂಡನ್ನು. ಒಂದು ಕಡೆಗೆ ಮೂರು, ಮೂರೂವರೆ ಕಿಲೋಮೀಟರ್ ಅಷ್ಟೇ. ನೋಡುವುದೆಲ್ಲಾ ಇರುವುದೂ ಅಲ್ಲೇ.

ಇದು ಮೊದಲು ರೈಲು ಓಡುತ್ತಿದ್ದ ದಾರಿ. 1889ರಲ್ಲಿ ಹಳಿ ಪೆಸಿಫಿಕ್ ಗ್ರೋವ್ ಮುಟ್ಟಿತು. ಸ್ಯಾನ್ ಫ್ರಾನ್ಸಿಸ್ಕೋದಿಂದ ಮಾಂಟೆರೆಗೆ ಬರುತ್ತಿದ್ದ ಡೆಲ್ ಮಾಂಟೆ ರೈಲು 1971ರಲ್ಲಿ ನಿಂತಿತು. ಆಮೇಲೆ ಹಳಿ ಕಿತ್ತು ಡಾಂಬರು ಹಾಕಿದರು. ನಮ್ಮಂಥವರಿಗೆ ಇದರಿಂದ ಆದ ಲಾಭ ಏನು ಗೊತ್ತಾ? ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಕಡಿದಾದ ಏರು ಹತ್ತುವುದಿಲ್ಲ. ಹಾಗಾಗಿ ರೈಲಿನವರು ದಿಣ್ಣೆ ಕಡಿದು, ತಗ್ಗು ತುಂಬಿಸಿ, ದಾರಿಯನ್ನು ಆದಷ್ಟು ಸಮ ಮಾಡಿರುತ್ತಾರೆ. ಗೇರ್ ಇಲ್ಲದ ಪುಟ್ಟ ಸೈಕಲ್ಲಿನಲ್ಲೂ ನನ್ನ ಮಗಳು ಎಲ್ಲೂ ಇಳಿದು ತಳ್ಳಲಿಲ್ಲ.

ಮಗನಿಗೆ ಇನ್ನೂ ಮೂರು ವರ್ಷ. ಅವನು ಅಪ್ಪನ ಸೈಕಲ್ ಹಿಂದಿನ ಟ್ರೇಲರ್‌ನಲ್ಲಿ ಕೂತ. ಸಮಸ್ಯೆ ಇದ್ದದ್ದು ಹಾಸನದಿಂದ ಬಂದಿದ್ದ ಅತ್ತೆಯವರದ್ದು. ಸೈಕಲ್ ಬರುವುದಿಲ್ಲ, ಅಷ್ಟು ದೂರ ನಡೆಯಲು ಮಂಡಿ ಬಿಡುವುದಿಲ್ಲ. ಅಲ್ಲಿ ಸರ್ರಿ ಅಂತ ಬಾಡಿಗೆಗೆ ಸಿಗುತ್ತದೆ. ನಾಲ್ಕು ಚಕ್ರ, ಮೇಲೆ ನೆರಳಿಗೆ ಬಟ್ಟೆ, ಅಕ್ಕಪಕ್ಕ ಕೂತು ತುಳಿಯುವುದು. "ಇದೇನೇ, ಟಾಂಗಾ ಇದ್ದಹಾಗಿದೆ, ಕುದುರೆ ಎಲ್ಲಿ?" ಅಂದರು. "ನಾನೇ ಅತ್ತೆ" ಅಂದೆ. ನಿಜವಾಗಲೂ ಅದು ಭಾರ. ಇಬ್ಬರೂ ತುಳಿದರೆ ಪರವಾಗಿಲ್ಲ, ಒಬ್ಬರೇ ಆದರೆ ತೊಡೆ ಬಿಗಿಯುತ್ತದೆ.

ಗಾಳಿಯ ಲೆಕ್ಕ ಮುಖ್ಯ. ಅಲ್ಲಿ ಮಧ್ಯಾಹ್ನದ ಮೇಲೆ ವಾಯುವ್ಯದಿಂದ ಜೋರು ಗಾಳಿ ಬೀಸುತ್ತದೆ. ವಾರ್ಫ್‌ನಿಂದ ಹೊರಟರೆ ಹೋಗುವಾಗ ಗಾಳಿ ಎದುರು, ಬರುವಾಗ ಬೆನ್ನಿಗೆ. ಮಕ್ಕಳು ಸುಸ್ತಾಗಿರುವ ಹೊತ್ತಿಗೆ ಗಾಳಿಯೇ ತಳ್ಳಿಕೊಂಡು ಬರುತ್ತದೆ. ತಿರುಗುಮುರುಗು ಮಾಡಬೇಡಿ. ಬೇಸಿಗೆಯಾದರೂ ಬೆಳಿಗ್ಗೆ ಮಂಜು ಮುಸುಕಿ ಚಳಿ ಇರುತ್ತದೆ, ಸ್ವೆಟರ್ ಬೇಕೇ ಬೇಕು. ಹದಿನೆಂಟು ತುಂಬದವರಿಗೆ ಕ್ಯಾಲಿಫೋರ್ನಿಯಾದಲ್ಲಿ ಹೆಲ್ಮೆಟ್ ಕಡ್ಡಾಯ. ದೊಡ್ಡವರೂ ಹಾಕಿಕೊಳ್ಳಿ, ಇಲ್ಲದಿದ್ದರೆ ಮಕ್ಕಳು ಕೇಳುವ ಪ್ರಶ್ನೆಗೆ ಉತ್ತರ ಇರುವುದಿಲ್ಲ.

ಹೊರಟ ಸ್ವಲ್ಪ ಹೊತ್ತಿಗೇ ಕೋಸ್ಟ್ ಗಾರ್ಡ್ ಕಟ್ಟೆಯ ಕಡೆಯಿಂದ ಕಡಲಸಿಂಹಗಳ ಕೂಗು ಕೇಳಿಸುತ್ತದೆ. ವಾಸನೆಯೂ ಬರುತ್ತದೆ, ಬಿಡಿ. ಅಲ್ಲಿಂದ ಮುಂದೆ ಕ್ಯಾನರಿ ರೋ ಎಂಬ ಬೀದಿ, ಒಂದು ಕಾಲದಲ್ಲಿ ಸಾರ್ಡೀನ್ ಮೀನಿಗೆ ಹೆಸರಾದದ್ದು. ಸಾರ್ಡೀನ್ ಅಂದರೆ ನಮ್ಮ ಕರಾವಳಿಯವರ ಬೂತಾಯಿಯ ಜಾತಿಯ ಮೀನು. ಅದನ್ನು ಡಬ್ಬಿಗೆ ತುಂಬುವ ಕಾರ್ಖಾನೆಗಳು ಇಲ್ಲಿ ಸಾಲಾಗಿದ್ದವು. ಕಾರ್ಖಾನೆ ಕಡಲ ಕಡೆ, ಗೋದಾಮು ರೈಲಿನ ಕಡೆ, ನಡುವೆ ರಸ್ತೆ. ಡಬ್ಬಿಗಳು ರಸ್ತೆಯ ಮೇಲಿನ ಮುಚ್ಚಿದ ಸೇತುವೆಗಳಲ್ಲಿ ದಾಟಿ ಬರುತ್ತಿದ್ದವು. ಅಂಥ ಸೇತುವೆಗಳು ಈಗಲೂ ಕಾಣುತ್ತವೆ. ದಾರಿಯ ಪಕ್ಕದಲ್ಲೇ ಕೆಲಸಗಾರರ ಪುಟ್ಟ ಗುಡಿಸಲುಗಳನ್ನೂ ಇಟ್ಟಿದ್ದಾರೆ. ಫಿಲಿಪೀನ್ಸ್, ಜಪಾನ್, ಸ್ಪೇನ್ ಮೂಲದ ಕೆಲಸಗಾರರು ಹೇಗೆ ಬದುಕುತ್ತಿದ್ದರು ಅಂತ ಕಿಟಕಿಯಿಂದ ಇಣುಕಬಹುದು. ಅತ್ತೆ ಅಲ್ಲಿಂದ ಕದಲಲೇ ಇಲ್ಲ. ಪಾತ್ರೆ, ಮಂಚ, ಒಲೆ, ಒಂದೊಂದನ್ನೂ ನೋಡಿದರು. ನನಗೂ ಅಂಗಡಿ ಸಾಲಿಗಿಂತ ಅದೇ ಹಿಡಿಸಿತು.

1984ರಲ್ಲಿ ಶುರುವಾದ ಅಕ್ವೇರಿಯಂ ಹತ್ತಿರ ಮಾತ್ರ ಹುಷಾರು. ಶನಿವಾರ, ಭಾನುವಾರ ಜನ ಎಲ್ಲೆಂದರಲ್ಲಿ ಅಡ್ಡ ಬರುತ್ತಾರೆ. ಅಡ್ಡರಸ್ತೆಗಳೂ ಇವೆ. ಅಲ್ಲಿ ಮಗಳನ್ನು ಇಳಿಸಿ ನಡೆಸಿದೆವು. ಬೆಳಿಗ್ಗೆ ಒಂಬತ್ತರೊಳಗೆ ಈ ಜಾಗ ದಾಟಿಬಿಟ್ಟರೆ ಅರ್ಧ ತಲೆನೋವು ಇಲ್ಲ.

ಆಮೇಲೆ ಬರುವ ಹಾಪ್ಕಿನ್ಸ್ ಕಡಲಜೀವಿ ಸಂಶೋಧನಾ ಕೇಂದ್ರದ ಬೇಲಿ ಬಳಿ ಖಂಡಿತ ನಿಲ್ಲಿ. ಕೆಳಗಿನ ಮರಳಿನ ಮೇಲೆ ಸೀಲ್‌ಗಳು ಉರುಳಿಕೊಂಡಿರುತ್ತವೆ. ವಸಂತದಲ್ಲಿ ಮರಿ ಹಾಕುವ ಕಾಲ, ಆಗ ಗಲಾಟೆ ಮಾಡಬಾರದು. ಆಚೆ ಕೆಲ್ಪ್ ಎಂಬ ಕಡಲಗಿಡದ ರಾಶಿಯಲ್ಲಿ ಒಂದು ನೀರುನಾಯಿ ಅಂಗಾತ ಮಲಗಿತ್ತು. ಎದೆಯ ಮೇಲೆ ಕಲ್ಲಿಟ್ಟು ಚಿಪ್ಪು ಕುಟ್ಟುತ್ತಿತ್ತು. ಟ್ರೇಲರ್‌ನಲ್ಲಿ ನಿದ್ದೆ ಹೋಗಿದ್ದ ಮಗನನ್ನು ಎಬ್ಬಿಸಿ ತೋರಿಸಿದೆವು.

ಲವರ್ಸ್ ಪಾಯಿಂಟ್‌ನಲ್ಲಿ ಹುಲ್ಲುಹಾಸಿದೆ, ಗಾಳಿಗೆ ಮರೆಯಾದ ಪುಟ್ಟ ಮರಳದಂಡೆ ಇದೆ. ಚಿತ್ರಾನ್ನದ ಡಬ್ಬಿ ತೆಗೆದ ಕೂಡಲೇ ಕಡಲಹಕ್ಕಿಗಳು ಸುತ್ತಿದವು. ಮುಚ್ಚಳ ತೆರೆದಿಟ್ಟು ಆ ಕಡೆ ತಿರುಗಿದರೆ ಮುಗಿಯಿತು. ಇಲ್ಲಿಂದಾಚೆ ಸೈಕಲ್ಲಿಗೆ ಬೇರೆ ದಾರಿ ಇಲ್ಲ, ಕಾರುಗಳ ಜೊತೆ ರಸ್ತೆಯಲ್ಲೇ ಹೋಗಬೇಕು. ನೋಟ ಚೆನ್ನಾಗಿದೆ, ಆದರೆ ಮಕ್ಕಳಿದ್ದರೆ ಬೇಡ. ನಾವು ಅಲ್ಲೇ ತಿರುಗಿದೆವು. ಹಿಂದಕ್ಕೆ ಬರುವಾಗ ಸರ್ರಿ ತುಳಿಯಲು ಮಗಳು ಬಂದಳು, ಅವಳ ಪುಟ್ಟ ಸೈಕಲ್ಲನ್ನು ನಾನು ಒಂದು ಕೈಯಲ್ಲಿ ಹಿಡಿದು ಜೊತೆಗೆ ನಡೆದೆ.