‘ಬ್ಲಡ್ ಬ್ರದರ್ಸ್’ ಚಿತ್ರವನ್ನು ನೋಡುವ ಬಗೆ

ಹಾಂಗ್‌ಕಾಂಗಿನ ಶಾ ಬ್ರದರ್ಸ್ ಸಂಸ್ಥೆ 1973ರಲ್ಲಿ ತೆರೆಗೆ ತಂದ, ಚಾಂಗ್ ಚೆ ನಿರ್ದೇಶನದ ‘ಬ್ಲಡ್ ಬ್ರದರ್ಸ್’ ಚಿತ್ರವನ್ನು ಕೇವಲ ಹೊಡೆದಾಟಕ್ಕಾಗಿ ನೋಡಲು ಕುಳಿತವರಿಗೆ ನಡುಭಾಗ ನಿಧಾನವೆನಿಸುವುದುಂಟು. ದ್ರೋಹ ಮೊಳೆಯುವುದು ಆ ನಿಧಾನದಲ್ಲಿಯೇ ಆದ್ದರಿಂದ, ಅದನ್ನು ಓಡಿಸದೆ ನೋಡಲು ಸ್ವಲ್ಪ ಪೂರ್ವಸಿದ್ಧತೆ ಬೇಕು.

ಮೊದಲಿಗೆ ಕಥೆಯ ಮೂಲವನ್ನು ತಿಳಿದುಕೊಳ್ಳಿ. 1870ರಲ್ಲಿ, ಚೀನಾದ ಚಿಂಗ್ ಸಾಮ್ರಾಜ್ಯದ ಉನ್ನತ ಅಧಿಕಾರಿಯಾಗಿದ್ದ ಮಾ ಷಿನ್‌ಯಿ ಎಂಬಾತನನ್ನು ನಾನ್‌ಜಿಂಗ್‌ನಲ್ಲಿ ಜಾಂಗ್ ವೆನ್‌ಷಿಯಾಂಗ್ ಎಂಬುವನು ಇರಿದು ಕೊಂದನು. ಕೊಲೆಯ ನಿಜವಾದ ಕಾರಣ ಇಂದಿಗೂ ವಿವಾದಾಸ್ಪದ. ಆ ಖಾಲಿ ಜಾಗವನ್ನು ಚಿತ್ರವು ಆಣೆಯಿಟ್ಟು ಸೋದರರಾದ ಮೂವರ ಕಥೆಯಿಂದ ತುಂಬುತ್ತದೆ. ಚಿತ್ರದ ಚೀನೀ ಹೆಸರೇ ಮಾ ಷಿನ್‌ಯಿಯ ಕೊಲೆಯನ್ನು ಸೂಚಿಸುವುದರಿಂದ ಅಂತ್ಯವನ್ನು ಮುಂಚಿತವಾಗಿ ತಿಳಿದರೆ ರಸಭಂಗವಾದೀತೆಂಬ ಅಂಜಿಕೆ ಬೇಡ.

ಸಾಧ್ಯವಾದರೆ ಇದೇ ನಿರ್ದೇಶಕನ 1970ರ ‘ವೆಂಜೆನ್ಸ್’ ಚಿತ್ರವನ್ನು ಮೊದಲು ನೋಡಿ. ಅದರಲ್ಲಿ ನಟ ಟಿ ಲುಂಗ್ ಅಣ್ಣನ ಪಾತ್ರದಲ್ಲಿ, ಡೇವಿಡ್ ಚಿಯಾಂಗ್ ತಮ್ಮನ ಪಾತ್ರದಲ್ಲಿ. ಕೊಲೆಯಾದ ಅಣ್ಣನಿಗಾಗಿ ತಮ್ಮ ಸೇಡು ತೀರಿಸಿಕೊಳ್ಳುತ್ತಾನೆ. ಇಂತಹ ಜೋಡಿಯಾಗಿ ಪ್ರೇಕ್ಷಕರ ಮನಸ್ಸಿನಲ್ಲಿ ನೆಲೆನಿಂತಿದ್ದ ಇವರಿಬ್ಬರಲ್ಲಿ, ‘ಬ್ಲಡ್ ಬ್ರದರ್ಸ್’ ಚಿತ್ರದಲ್ಲಿ ಟಿ ಲುಂಗ್‌ನನ್ನು ದ್ರೋಹಿ ಮಾ ಆಗಿಯೂ, ಚಿಯಾಂಗ್‌ನನ್ನು ಅವನನ್ನು ಕೊಲ್ಲುವ ಜಾಂಗ್ ಆಗಿಯೂ ನಿಲ್ಲಿಸಿದ್ದು ಎಷ್ಟು ದೊಡ್ಡ ಪೆಟ್ಟೆಂಬುದು ಆಗ ಅರಿವಾಗುತ್ತದೆ.

ಪ್ರತಿಯ ಆಯ್ಕೆಯಲ್ಲಿ ಎರಡೇ ಎಚ್ಚರಿಕೆ: ಚಿತ್ರ ಪೂರ್ಣ ಅಗಲದ್ದಾಗಿರಲಿ, ಧ್ವನಿ ಚೀನೀ ಭಾಷೆಯಾದ ಮ್ಯಾಂಡರಿನ್‌ನಲ್ಲಿರಲಿ. ಅಂಚು ಕತ್ತರಿಸಿದ ಪ್ರತಿಯಲ್ಲಿ ಮೂವರು ಒಂದೇ ಚೌಕಟ್ಟಿನಲ್ಲಿ ನಿಂತಾಗ ಒಬ್ಬ ಹೊರಗುಳಿಯುವ ಸಂಭವವಿದ್ದು, ಈ ಕಥೆಯಲ್ಲಿ ಅದು ಸಣ್ಣ ನಷ್ಟವಲ್ಲ. ಮ್ಯಾಂಡರಿನ್ ಸಂಭಾಷಣೆಯನ್ನೂ ಚಿತ್ರೀಕರಣದ ನಂತರವೇ ಸೇರಿಸುತ್ತಿದ್ದ ಕಾಲವದು. ತುಟಿ ಮತ್ತು ಮಾತು ಅಲ್ಲಲ್ಲಿ ಹೊಂದದಿದ್ದರೆ ಪ್ರತಿಯನ್ನು ದೂಷಿಸಬೇಕಾಗಿಲ್ಲ.

ಇನ್ನು ನೋಡುವ ಕ್ರಮ. ಆರಂಭದಲ್ಲಿ ದಾರಿಗಳ್ಳರಾದ ಜಾಂಗ್ ಮತ್ತು ಹುವಾಂಗ್ (ಚೆನ್ ಕುವಾನ್‌ತಾಯ್) ಮಾನೊಡನೆ ಸೆಣಸುವ ದೃಶ್ಯವನ್ನು ಗಮನವಿಟ್ಟು ನೋಡಿ. ಪರಸ್ಪರರ ಕೈಚಳಕವನ್ನು ಮೆಚ್ಚಿಕೊಂಡವರು ಸ್ನೇಹಿತರಾಗುವ ಸೆಣಸಾಟವದು. ಕಡೆಯಲ್ಲಿ ಜಾಂಗ್ ಮತ್ತು ಮಾ ಎದುರುಬದುರಾದಾಗ ಅದೇ ದೇಹಗಳಲ್ಲಿ ಆಟದ ಲವಲೇಶವೂ ಉಳಿದಿರುವುದಿಲ್ಲ. ಸಾಹಸ ಸಂಯೋಜಿಸಿದ ಲಾವ್ ಕಾರ್‌ಲ್ಯೂಂಗ್ ಮತ್ತು ಟಾಂಗ್ ಗಾಯ್ ಅವರ ಕೌಶಲವನ್ನು ಅಳೆಯಲು ಇವೆರಡು ದೃಶ್ಯಗಳನ್ನು ಮತ್ತೊಮ್ಮೆ ಒಂದರ ಹಿಂದೊಂದರಂತೆ, ಧ್ವನಿಯನ್ನು ನಿಲ್ಲಿಸಿ ನೋಡುವುದು ಒಳ್ಳೆಯದು.

ನಡುಭಾಗದಲ್ಲಿ ಕಣ್ಣುಗಳನ್ನು ಹಿಂಬಾಲಿಸಿ. ಹುವಾಂಗ್‌ನ ಹೆಂಡತಿ ಮಿ ಲಾನ್ (ಚಿಂಗ್ ಲಿ) ಮತ್ತು ಮಾ ನಡುವೆ ಹುಟ್ಟುವ ಸೆಳೆತವು ಮಾತಿಗಿಂತ ಮೊದಲು ನೋಟದಲ್ಲಿ ಕಾಣಿಸಿಕೊಳ್ಳುತ್ತದೆ. ಸ್ನೇಹಿತರ ಮುಗ್ಧ ನಗುವಿನ ಪಕ್ಕದಲ್ಲಿ ಮಾ ಷಿನ್‌ಯಿಯ ಮುಖ ಹೇಗೆ ಬಿಗಿಯಾಗುತ್ತಾ ಹೋಗುತ್ತದೆಂಬುದನ್ನು ಗುರುತಿಸಿದವರಿಗೆ, ಅಧಿಕಾರ ಮತ್ತು ಆಸೆ ಎರಡನ್ನೂ ಉಳಿಸಿಕೊಳ್ಳಲು ಅವನು ಹುವಾಂಗ್‌ನನ್ನು ಕೊಲ್ಲಿಸುವುದು ಆಕಸ್ಮಿಕವೆನಿಸುವುದಿಲ್ಲ. ನನ್ನ ದೃಷ್ಟಿಯಲ್ಲಿ ಚಿತ್ರದ ಅತ್ಯುತ್ತಮ ಅಭಿನಯ ಟಿ ಲುಂಗ್‌ನದು; ಅವನ ಮಾ ಖಳನಾಗಿ ಹುಟ್ಟಿದವನಲ್ಲ.

ಎರಡನೆಯ ವೀಕ್ಷಣೆಗೆಂದು ಒಂದು ಪ್ರಶ್ನೆಯನ್ನು ಉಳಿಸಿಕೊಳ್ಳಿ. ಕಥೆಯೆಲ್ಲವೂ ಸೆರೆಸಿಕ್ಕ ಜಾಂಗ್ ನೀಡುವ ಹೇಳಿಕೆಯ ರೂಪದಲ್ಲಿ ಬಿಚ್ಚಿಕೊಳ್ಳುತ್ತದೆ. ಹಾಗಾದರೆ ಮಾ ಮತ್ತು ಮಿ ಲಾನ್ ಇಬ್ಬರೇ ಇದ್ದ ಗಳಿಗೆಗಳನ್ನು ಅವನು ಕಂಡದ್ದೆಲ್ಲಿ? ಅಂತಹ ದೃಶ್ಯ ಬಂದಾಗಲೆಲ್ಲ ಚಿತ್ರವನ್ನು ನಿಲ್ಲಿಸಿ, ಇದು ಜಾಂಗ್‌ನ ಸಾಕ್ಷ್ಯವೋ ಅಥವಾ ಗೆಳೆಯನನ್ನು ಕಳೆದುಕೊಂಡವನ ಊಹೆಯೋ ಎಂದು ನೀವೇ ತೀರ್ಮಾನಿಸಿ ಮುಂದುವರಿಯಿರಿ.