ಹದಿನಾಲ್ಕು ಅಡಿಯೇ ಸಾಕಾಯಿತು: ಪಟ್ಟಿ ಕ್ಯಾನೂವಿಗೆ ನಕ್ಷೆ ಆರಿಸಿದ ನನ್ನ ಅನುಭವ

ಹೇಮಾವತಿ ಹಿನ್ನೀರಿನ ಗಾಳಿಗೆ ತೆಳು ಮರದ ಪಟ್ಟಿಗಳನ್ನು ಅಂಟಿಸಿ ಕಟ್ಟಿದ ಕ್ಯಾನೂ (ಎರಡೂ ತುದಿ ಚೂಪಾದ ಹಗುರ ದೋಣಿ) ನಿಲ್ಲುವುದಿಲ್ಲ ಎಂದವರಲ್ಲಿ ನಮ್ಮ ಮರಗೆಲಸದ ಆಚಾರರೂ ಇದ್ದರು, ಶೆಟ್ಟಿಹಳ್ಳಿಯ ಕಡೆ ಹರಿಗೋಲಿನಲ್ಲಿ ಬಲೆ ಹಾಕುವವರೂ ಇದ್ದರು. ದೋಣಿ ಎರಡು ಮಳೆಗಾಲಗಳನ್ನು ದಾಟಿ ಇನ್ನೂ ಗಟ್ಟಿಯಾಗಿರುವುದರಿಂದ ಈ ಬಗ್ಗೆ ನಾಲ್ಕು ಮಾತು ಬರೆಯುವ ಧೈರ್ಯ ಬಂದಿದೆ. ಪಟ್ಟಿ ಸೀಳುವುದು, ದೋಣಿಯ ಅಡ್ಡ ಆಕಾರಕ್ಕೆ ಕತ್ತರಿಸಿದ ಅಚ್ಚುಗಳಾದ ಫರ್ಮಾ ನಿಲ್ಲಿಸುವುದು, ಗಾಜಿನ ಬಟ್ಟೆಯನ್ನು ಮರಕ್ಕೆ ಹಿಡಿಸುವ ಎಪಾಕ್ಸಿ ಅಂಟು ಬಳಿಯುವುದು ಈ ಕೆಲಸಕ್ಕೆ ಕೈ ಹಾಕಿದವರಿಗೆಲ್ಲ ಗೊತ್ತು. ನಾನು ಹೇಳುವುದು ಅದಕ್ಕೂ ಹಿಂದಿನ ಕೆಲಸವಾದ ನಕ್ಷೆಯ ಆಯ್ಕೆಯನ್ನು ಕುರಿತು.

ಎಲ್ಲರಂತೆ ನನ್ನ ಕಣ್ಣೂ ಮೊದಲು ಬಿದ್ದದ್ದು ಹದಿನಾರು ಅಡಿಯ ಪ್ರಾಸ್ಪೆಕ್ಟರ್ ಮೇಲೆ. ಕೆನಡಾದ ಫ್ರೆಡೆರಿಕ್ಟನ್‌ನಲ್ಲಿದ್ದ ಚೆಸ್ಟ್‌ನಟ್ ಕಂಪನಿಯಿಂದ ಹೆಸರಾದ ಆ ದೋಣಿ, ಕಾಡಿನ ಹೊಳೆಗಳಲ್ಲಿ ವಾರಗಟ್ಟಲೆಯ ಸಾಮಾನು ಹೊತ್ತು ಹೋಗುವವರಿಗಾಗಿ ರೂಪುಗೊಂಡದ್ದು. ಅದರ ಎರಡೂ ಮೂತಿಗಳು ಎತ್ತರ, ತಳ ತುದಿಗಳ ಕಡೆಗೆ ಮೇಲೇಳುತ್ತದೆ, ಹೊಟ್ಟೆ ಆಳ. ಹೊಳೆಯ ತಿರುವಿನಲ್ಲಿ ಇವೆಲ್ಲ ಗುಣಗಳೇ ಆದರೂ, ಜುಲೈ ತಿಂಗಳ ಪಶ್ಚಿಮದ ಗಾಳಿ ಬೀಸುವಾಗ ಗೊರೂರು ಹಿನ್ನೀರಿನ ಬಯಲಿನಲ್ಲಿ ಎತ್ತರದ ಮೂತಿ ಹಾಯಿಯಂತೆ ಗಾಳಿ ಹಿಡಿದು ದೋಣಿಯನ್ನು ಅಡ್ಡಕ್ಕೆ ತಿರುಗಿಸುತ್ತದೆ. ಇನ್ನೊಂದು ತುದಿಯಲ್ಲಿ ಹಗುರತನದ ಆಸೆಯಿತ್ತು. ಅಮೆರಿಕದ ದೋಣಿ ತಯಾರಕ ರಷ್ಟನ್ 1883ರಲ್ಲಿ ಕಟ್ಟಿದ ‘ಸೈರಿ ಗ್ಯಾಂಪ್’ ಒಂಬತ್ತು ಅಡಿ ಉದ್ದವಿದ್ದು ಐದು ಕಿಲೋ ಕೂಡ ತೂಗುತ್ತಿರಲಿಲ್ಲ. ಆದರೆ ಅದು ಒಬ್ಬ ಸಣ್ಣಾಳಿನ ಅಳತೆಗೆ ಹೊಲಿದ ಅಂಗಿ, ನಮ್ಮಲ್ಲಿ ಇಬ್ಬರು ಕೂರಬೇಕು.

ಸ್ನೇಹಿತರೊಬ್ಬರು ಪ್ಲೈವುಡ್‌ನಲ್ಲಿ ಅಗಲವಾದ, ಚಪ್ಪಟೆ ತಳದ ದೋಣಿಯೊಂದನ್ನು ಮಾಡಿಸಿ ಸುಮಾರು ಹದಿನೈದು ಸಾವಿರ ಕಳೆದುಕೊಂಡಿದ್ದರು. ನಿಂತ ನೀರಿನಲ್ಲಿ ಅದು ಅಲುಗಾಡದೆ ಮಂಚದಂತೆ ನಿಲ್ಲುತ್ತದೆ. ಅಲೆ ಪಕ್ಕಕ್ಕೆ ಬಂದಾಗ ಮಾತ್ರ ಚಪ್ಪಟೆ ತಳ ಅಲೆಯ ಇಳಿಜಾರನ್ನೇ ಹಿಡಿದು ವಾಲುತ್ತದೆ, ವಾಲಿದ್ದು ಒಂದು ಮಟ್ಟ ದಾಟಿದರೆ ಒಮ್ಮೆಗೇ ಮಗುಚುತ್ತದೆ. ಕೂತ ತಕ್ಷಣ ಅಲುಗಾಡದ ದೋಣಿಯೇ ಭದ್ರ ಎಂಬ ನಂಬಿಕೆ ನಮ್ಮಲ್ಲಿ ಹರಿಗೋಲಿನಿಂದ ಬಂದಿರಬೇಕು.

ಚಪ್ಪಟೆ ತಳವೋ ಕಮಾನು ತಳವೋ ಎಂಬ ಈ ಜಗಳವನ್ನು ಮಾತಿನಲ್ಲಿ ತೀರಿಸಲಾಗದೆ ಮಾದರಿಗಳನ್ನು ಮಾಡಿದೆ. ಎಂಟಕ್ಕೆ ಒಂದರ ಪ್ರಮಾಣ ಆರಿಸಿಕೊಂಡದ್ದಕ್ಕೆ ಕಾರಣವಿದೆ: ದೋಣಿಯ ಒಂದು ಇಂಚು ಮಾದರಿಯಲ್ಲಿ ಸರಿಯಾಗಿ ಒಂದು ನೂಲು (ಇಂಚಿನ ಎಂಟನೇ ಒಂದು ಪಾಲು) ಆಗುತ್ತದೆ, ಆಚಾರರ ಟೇಪಿನಲ್ಲೇ ಎಲ್ಲವನ್ನೂ ಓದಬಹುದು. ತೂಕ ಮಾತ್ರ ಎಂಟರ ಘನದಷ್ಟು, ಅಂದರೆ 512 ಪಾಲು ಕಡಿಮೆಯಾಗುತ್ತದೆ. ಇಬ್ಬರು ಮನುಷ್ಯರು, ದೋಣಿ, ಬುತ್ತಿ, ನೀರು ಎಲ್ಲ ಸೇರಿ 160 ಕಿಲೋ ಎಂದುಕೊಂಡರೆ ಮಾದರಿಯ ಒಟ್ಟು ತೂಕ 312 ಗ್ರಾಂ. ಥರ್ಮಾಕೋಲ್ ಕೆತ್ತಿ, ಪೇಪರ್ ಅಂಟಿಸಿ, ವಾರ್ನಿಷ್ ಬಳಿದು, ಕಬ್ಬಿಣದ ವಾಷರ್‌ಗಳಿಂದ ತೂಕ ಸರಿಮಾಡಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಯ ತೊಟ್ಟಿಯಲ್ಲಿ ತೇಲಿಬಿಟ್ಟೆ. ಬಳಿಕ ನಡುವಿನ ವಾಷರ್‌ಗಳನ್ನು ಒಂದೊಂದಾಗಿ ಅಂಚಿಗೆ ಸರಿಸುತ್ತ, ಅಂಚು ನೀರಿಗೆ ಎಷ್ಟು ನೂಲು ಹತ್ತಿರವಾಯಿತು ಎಂದು ಅಳೆದೆ. ಚಪ್ಪಟೆ ತಳದ್ದು ಮೊದಲ ವಾಷರ್‌ಗಳಿಗೆ ಜಗ್ಗಲೇ ಇಲ್ಲ, ಆಮೇಲೆ ಒಂದೇ ವಾಷರ್‌ಗೆ ಬೋರಲಾಯಿತು. ಸ್ವಲ್ಪ ಕಮಾನಿನ ತಳದ್ದು ಮೊದಲಿನಿಂದಲೇ ವಾಲಿದರೂ ವಾಲಿದಷ್ಟೂ ಬಿಗಿಯಾಗಿ ನಿಂತಿತು. ಅದನ್ನು ಕಂಡ ಮೇಲೆ ಆಚಾರರು ಮಾತು ನಿಲ್ಲಿಸಿದರು. ವೇಗವನ್ನು ಮಾತ್ರ ಹೀಗೆ ತೊಟ್ಟಿಯಲ್ಲಿ ಅಳೆಯಲು ಹೋಗಬೇಡಿ, ಸಣ್ಣ ಮಾದರಿ ಅಲ್ಲಿ ಸುಳ್ಳು ಹೇಳುತ್ತದೆ.

ಕಮಾನು ತಳದ ಆ ನಕ್ಷೆ ಹದಿನಾರು ಅಡಿಯದು. ನನ್ನ ಕಾಫಿ ಗೋದಾಮಿನ ಒಳಗೆ ಅಷ್ಟು ಉದ್ದದ ದೋಣಿಯ ಸುತ್ತ ನಡೆದಾಡಲು ಜಾಗವಿಲ್ಲ, ಜೀಪಿನ ಮೇಲೆ ಹೊರುವುದೂ ಕಷ್ಟ. ಫರ್ಮಾಗಳನ್ನು ಹಾಗೆಯೇ ಇಟ್ಟುಕೊಂಡು, ಅವುಗಳ ನಡುವಿನ ಹನ್ನೆರಡು ಇಂಚಿನ ಅಂತರವನ್ನು ಹತ್ತೂವರೆಗೆ ಇಳಿಸಿದರೆ ದೋಣಿ ಹದಿನಾಲ್ಕು ಅಡಿಯಾಗುತ್ತದೆ. ಅದೇ ಮುಳುಗಿನಲ್ಲಿ ಹೊರುವ ತೂಕ ಎಂಟರಲ್ಲಿ ಒಂದು ಪಾಲು ಕಡಿಮೆಯಾಗುತ್ತದೆ. ನಮ್ಮ 160 ಕಿಲೋಗೆ ನಾಲ್ಕು ಇಂಚಿನ ಸುಮಾರಿಗೆ ಮುಳುಗುತ್ತದೆ, ಬೇಸಿಗೆಯಲ್ಲಿ ನೀರಿಳಿದು ಹಳೆಯ ಮರದ ಬೊಡ್ಡೆಗಳು ಮೇಲೆದ್ದಾಗ ಇದು ಅನುಕೂಲವೇ. ಉದ್ದ ಕಡಿಮೆಯಾದರೆ ವೇಗ ಹೋಗುತ್ತದೆ ಎಂದು ಎಚ್ಚರಿಸಿದವರಿದ್ದರು. ಲೆಕ್ಕದ ಪ್ರಕಾರ ಹದಿನಾರು ಅಡಿಯ ಒಡಲಿನ ವೇಗದ ಮಿತಿ ಗಂಟೆಗೆ ಹತ್ತು ಕಿಲೋಮೀಟರ್ ಹತ್ತಿರ, ಹದಿನಾಲ್ಕರದು ಒಂಬತ್ತಕ್ಕಿಂತ ತುಸು ಹೆಚ್ಚು. ಹುಟ್ಟು ಹಾಕುವ ನಾವಿಬ್ಬರು ಐದಾರು ಕಿಲೋಮೀಟರ್ ದಾಟುವವರಲ್ಲ. ಉದ್ದ ಕುಗ್ಗಿಸಿದಾಗ ತುದಿಯ ಫರ್ಮಾಗಳ ಬಳಿ ಪಟ್ಟಿಯ ತಿರುಚು ಹೆಚ್ಚುತ್ತದೆ. ಅಲ್ಲಿ ಕೊನೆಯ ಎರಡು ಫರ್ಮಾಗಳಿಗೆ ನಾನು ಮಾಡಿದ ಸಣ್ಣ ಬದಲಾವಣೆಯೊಂದಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಕ್ಷೆಯ ಆಯ್ಕೆಯಲ್ಲಿ ಮರದ ಪಾತ್ರವೂ ಇದೆ. ಹೊರದೇಶದ ಹಗುರ ಮರವಾದ ಸೀಡರ್‌ಗೆ ಕೇಳಿದ ಬೆಲೆ ಮರವೊಂದಕ್ಕೇ ಅರವತ್ತು ಸಾವಿರ ದಾಟಿತು. ಸಕಲೇಶಪುರದ ಕಡೆಯ ಸಾಮಿಲ್ಲಿನಲ್ಲಿ ಗಂಧಗರಿಗೆ ಎಂಬ ಮರದ ನಾಟ ಘನ ಅಡಿಗೆ ಒಂದೂವರೆ ಸಾವಿರದ ಆಸುಪಾಸಿಗೆ ಸಿಕ್ಕಿತು, ಮೂರು ಘನ ಅಡಿ ಸಾಕಾಯಿತು. ಎರಡು ನೂಲು ದಪ್ಪದ ಪಟ್ಟಿಗೆ ಒಂದು ನೂಲು ಗರಗಸವೇ ತಿನ್ನುವುದರಿಂದ ಮೂರರಲ್ಲಿ ಒಂದು ಪಾಲು ಹೊಟ್ಟಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿಯಬೇಕು. ಗಂಧಗರಿಗೆ ಸೀಡರ್‌ಗಿಂತ ಭಾರವೆಂಬುದು ನಿಜ, ಆದರೆ ದೋಣಿಯಲ್ಲಿ ಉಳಿಯುವ ಮರ ಒಂದು ಘನ ಅಡಿಗೆ ತುಸು ಮೇಲೆ; ವ್ಯತ್ಯಾಸ ನಾಲ್ಕು ಕಿಲೋ ಅಷ್ಟೆ, ಹೆಚ್ಚುಕಡಿಮೆ ಅಷ್ಟನ್ನು ಎರಡು ಅಡಿ ಕಡಿತವೇ ಉಳಿಸಿತು. ತೋಟದಲ್ಲಿ ಬೇಕಾದಷ್ಟಿದೆ ಎಂದು ಸಿಲ್ವರ್ ಓಕ್ ಪಟ್ಟಿಯನ್ನೂ ಪರೀಕ್ಷಿಸಿದೆ. ಹೊಟ್ಟೆಯ ತಿರುವಿನಲ್ಲಿ ಅದು ಎಳೆಯುದ್ದಕ್ಕೆ ಸೀಳುತ್ತದೆ, ಹೊಟ್ಟು ಮೈಗೆ ತಾಗಿದರೆ ತುರಿಕೆ ಬೇರೆ. ಹೆಬ್ಬೇವು ಚೆನ್ನಾಗಿ ಬಾಗಿತು, ಮುಂದಿನ ದೋಣಿಗೆ ಅದನ್ನೇ ನೋಡಬೇಕೆಂದಿದ್ದೇನೆ. ಎಪಾಕ್ಸಿ, 200 ಗ್ರಾಂನ ಗಾಜಿನ ಬಟ್ಟೆ, ಆಚಾರರ ಕೂಲಿ ಎಲ್ಲ ಸೇರಿ ಖರ್ಚು ಮೂವತ್ತು ಸಾವಿರದ ಒಳಗೆ ಮುಗಿಯಿತು, ದೋಣಿ ಇಪ್ಪತ್ತಾರು ಕಿಲೋ ತೂಗುತ್ತದೆ.

ಅಂಚು ಒಳಕ್ಕೆ ಬಾಗುವ ನಕ್ಷೆಗಳು ನೋಡಲು ಸೊಗಸು, ಹುಟ್ಟು ಹಾಕುವಾಗ ಕೈಗೂ ತಾಗುವುದಿಲ್ಲ. ಆದರೆ ದೋಣಿಯನ್ನು ಫರ್ಮಾದಿಂದ ಬಿಡಿಸುವಾಗ ಅವು ಜೀವ ತಿನ್ನುತ್ತವೆ, ಮೊದಲ ದೋಣಿಗೆ ನೆಟ್ಟಗಿನ ಅಂಚೇ ಇರಲಿ. ಹಿಂದುಮುಂದು ಒಂದೇ ಆಕಾರದ ದೋಣಿಯಾದರೆ ಒಬ್ಬನೇ ಹೋಗುವ ದಿನ ಮುಂದಿನ ಸೀಟಿನಲ್ಲಿ ಹಿಮ್ಮುಖವಾಗಿ ಕೂತು ನಡೆಸಬಹುದು. ಮೂತಿಯ ಎತ್ತರವನ್ನು ನಾನು ಮೂರು ಇಂಚು ತಗ್ಗಿಸಿದೆ; ಕಳೆದ ಆಗಸ್ಟಿನಲ್ಲಿ ಶೆಟ್ಟಿಹಳ್ಳಿಯ ಮುಳುಗಿದ ಚರ್ಚಿನ ಆಚೆ ಬಯಲು ನೀರಿನಲ್ಲಿ ಗಾಳಿಗೆ ಅಡ್ಡಲಾಗಿ ದಾಟಿದಾಗ, ಹರಿಗೋಲಿನವರು ದಡದಲ್ಲೇ ಉಳಿದಿದ್ದರು. ಫರ್ಮಾಗಳು ಗೋದಾಮಿನ ಅಟ್ಟದಲ್ಲಿವೆ. ಬೇಕಾದವರಿಗೆ ಕೊಡಲು ಅಡ್ಡಿಯಿಲ್ಲ, ಆದರೆ ಕೂರುವವರ ತೂಕವನ್ನು ತಕ್ಕಡಿಯಲ್ಲಿ ತೂಗಿಸಿಕೊಂಡೇ ಬರಬೇಕು.